ಕ್ಯಾಂಪಸ್‌ನಲ್ಲಿ ಮಿರ್ಚಿ ಮಾರಿದ ದುಡ್ಡು ಯಾರ ಖಾತೆಗೆ?

ಪ್ರಶ್ನೆ (ಬಿಕಾಂ ವಿದ್ಯಾರ್ಥಿನಿ, ದಾವಣಗೆರೆ): ಸರ್, ಮುಂದಿನ ತಿಂಗಳು ಕಾಲೇಜು ಆವರಣದಲ್ಲಿ ಒಂದು ದಿನದ ಆಹಾರ ಮೇಳ ಇಟ್ಕೊಂಡಿದ್ದೀವಿ. ಮಂಡಕ್ಕಿ-ಮಿರ್ಚಿ, ಬೆಣ್ಣೆದೋಸೆ, ಸಂಜೆಗೆ ಲಕ್ಕಿ ಡಿಪ್. ಬಂದಿದ್ದೆಲ್ಲ ವಿಶೇಷ ಮಕ್ಕಳ ಶಾಲೆ ನಡೆಸೋ ಒಂದು ಟ್ರಸ್ಟ್‌ಗೆ. ಒಂದು ಲಕ್ಷದವರೆಗೆ ಆಗಬಹುದು. ನನ್ನ ಫೋನ್‌ಪೇ ಕ್ಯೂಆರ್ ಇಡು ಅಂತ ಎಲ್ರೂ ಹೇಳ್ತಿದ್ದಾರೆ. ಕೆಲವು ಮೇಷ್ಟ್ರು 80ಜಿ ರಸೀದಿ, ಅಂದ್ರೆ ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ ಪಡೆಯೋ ರಸೀದಿ ಕೇಳ್ತಿದ್ದಾರೆ. ನಾವೇ ಪ್ರಿಂಟ್ ಹಾಕಿಸಿ ಕೊಡಬಹುದಾ?

ಉತ್ತರ (ಚಾರ್ಟರ್ಡ್ ಅಕೌಂಟೆಂಟ್): ನಿನ್ನ ಕ್ಯೂಆರ್ ಮಾತ್ರ ಬೇಡಮ್ಮ. ಸಂಬಂಧಿಕರಲ್ಲದವರಿಂದ ಒಂದು ಆರ್ಥಿಕ ವರ್ಷದಲ್ಲಿ ಪುಕ್ಕಟೆಯಾಗಿ ಬಂದ ಹಣ 50,000 ರೂ. ದಾಟಿದರೆ, ದಾಟಿದ ಭಾಗವಷ್ಟೇ ಅಲ್ಲ, ಪೂರ್ತಿ ಮೊತ್ತವನ್ನೇ ಆದಾಯ ಅಂತ ಹಿಡೀತಾರೆ. ‘ಅದು ನನ್ನದಲ್ಲ, ಟ್ರಸ್ಟ್‌ದು’ ಅಂತ ವಾದ ಮಾಡಬಹುದು, ಆದರೆ ಕಾಗದ ಪತ್ರ ಹೊಂದಿಸೋಳು ನೀನೇ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ನಮ್ಮ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಿದ್ದು, ಅಂಗಡಿ ಬಾಗಿಲಲ್ಲಿ ‘ಕ್ಯಾಶ್ ಮಾತ್ರ’ ಅಂತ ಚೀಟಿ ನೇತಾಡಿದ್ದು ನೆನಪಿರಬೇಕು. ನಿಮ್ಮ ಒಂದು ಲಕ್ಷಕ್ಕೆ ಜಿಎಸ್‌ಟಿ ಏನೂ ತಟ್ಟಲ್ಲ. ಆದರೆ ಖಾತೆಗೆ ಬಿದ್ದಿದ್ದು ಅಳಿಸಿ ಹೋಗಲ್ಲ ಅನ್ನೋದು ಗೊತ್ತಿರಲಿ.

ಟೇಬಲ್ ಮೇಲೆ ಎರಡು ಕ್ಯೂಆರ್ ಇಡಿ. ದೇಣಿಗೆಗೆ ನೇರ ಟ್ರಸ್ಟ್‌ನದ್ದು, ಮಾರಾಟಕ್ಕೆ ಕಾಲೇಜಿನ ಖಾತೆಯದ್ದು. ಪ್ರಾಂಶುಪಾಲರ ಲಿಖಿತ ಅನುಮತಿ ಇರಲಿ. ಎರಡನ್ನೂ ಬೆರೆಸಬೇಡಿ, ಯಾಕೆಂದ್ರೆ 50 ರೂಪಾಯಿ ಕೊಟ್ಟು ದೋಸೆ ತಿಂದವರು ಗಿರಾಕಿ, ದಾನಿ ಅಲ್ಲ. ದೋಸೆಗೆ 80ಜಿ ಇಲ್ಲ!

ರಸೀದಿ ಪ್ರಿಂಟ್ ಹಾಕಿಸೋ ಯೋಚನೆ ಬಿಡಿ. 80ಜಿ ಅನುಮೋದನೆ ಇರೋ ಸಂಸ್ಥೆ ಮಾತ್ರ ಕೊಡಬಹುದು, ದಾನಿಯ ಪ್ಯಾನ್ ಬೇಕು, ಆಮೇಲೆ ಇಲಾಖೆಗೂ ವಿವರ ಸಲ್ಲಿಸಬೇಕು. ನಗದು 2,000 ರೂ. ಮೀರಿದರೆ ವಿನಾಯಿತಿ ಇಲ್ಲ. ಅಕ್ಕಿ ಮೂಟೆ, ಹಳೆ ಬಟ್ಟೆ ಕೊಟ್ಟರೂ ಇಲ್ಲ. ಇನ್ನು ಹೊಸ ತೆರಿಗೆ ಪದ್ಧತಿ ಆರಿಸ್ಕೊಂಡಿರೋ ಮೇಷ್ಟ್ರಿಗೆ ಆ ರಸೀದಿಯಿಂದ ಬಿಡಿಗಾಸೂ ಉಳಿಯಲ್ಲ. ಅದನ್ನ ನೀವು ಹೇಳೋಕೆ ಹೋಗಬೇಡಿ, ಕೊಡೋದನ್ನೂ ನಿಲ್ಲಿಸಿಬಿಟ್ಟಾರು.

ಪ್ರಶ್ನೆ (ಅದೇ ವಿದ್ಯಾರ್ಥಿನಿ): ಲಕ್ಕಿ ಡಿಪ್ ಬಗ್ಗೆ ಏನೂ ಹೇಳಲಿಲ್ಲ ಸರ್?

ಉತ್ತರ: ಬೇಡ. ದುಡ್ಡು ಕೊಟ್ಟು ಚೀಟಿ ಕೊಂಡು, ಅದೃಷ್ಟದ ಮೇಲೆ ಬಹುಮಾನ ಅಂದ್ರೆ ಅದು ಲಾಟರಿಯೇ. ಕರ್ನಾಟಕದಲ್ಲಿ ಲಾಟರಿ ಮಾರಾಟ ನಿಂತಿದ್ದು 2007ರಲ್ಲಿ. ಪುಣ್ಯಕಾರ್ಯಕ್ಕೆ ಅಂದ್ರೂ ಅದರ ಸ್ವರೂಪ ಬದಲಾಗಲ್ಲ. ಅದರ ಬದಲು ಹರಾಜು ಕೂಗಿ. ಗಣಪತಿ ಬಿಡೋ ದಿನ ಹಣ್ಣು, ಹಾರ ಕೂಗ್ತೀವಲ್ಲ, ಹಾಗೆ. ಮೊದಲ ಬೆಣ್ಣೆದೋಸೆನೇ ಕೂಗಿ ನೋಡಿ.

ಪ್ರಶ್ನೆ (ಉಪನ್ಯಾಸಕರು, ಹಾವೇರಿ): ನಗದಿನ ಲೆಕ್ಕವೇ ಪ್ರತಿ ಸಲ ಜಗಳಕ್ಕೆ ಕಾರಣ. ಏನು ಮಾಡೋದು?

ಉತ್ತರ: ನಮ್ಮ ಕಾಲದ್ದು ಹೇಳ್ತೀನಿ. ಕಾಲೇಜಿನಲ್ಲಿ ಹೀಗೇ ಮೇಳ ಮಾಡಿ, ಬಿಸ್ಕತ್ ಡಬ್ಬಿ ತುಂಬ ಎಣ್ಣೆ ಹತ್ತಿದ ಹತ್ತರ ನೋಟು ಹಾಸ್ಟೆಲ್ ರೂಮಿಗೆ ಹೊತ್ಕೊಂಡು ಹೋದ್ವಿ. ರಾತ್ರಿ ಎಣಿಸಿದಾಗ ಒಂದು ಲೆಕ್ಕ, ಬೆಳಿಗ್ಗೆ 1,740 ರೂಪಾಯಿ ಕಮ್ಮಿ. ಕದ್ದಿದ್ದಾರೋ, ರಾತ್ರಿ ನಾವೇ ತಪ್ಪು ಎಣಿಸಿದ್ವೋ, ಇವತ್ತಿಗೂ ತಿಳಿದಿಲ್ಲ. ಇಬ್ಬರು ಗೆಳೆಯರು ಮಾತು ಬಿಟ್ಟರು.

ಅದಕ್ಕೇ ಹೇಳೋದು: ಅಂಗಡಿಯಲ್ಲಿ ದುಡ್ಡು ಮುಟ್ಟಲೇಬಾರದು. ಬಾಗಿಲ ಹತ್ರ ಒಂದೇ ಕೌಂಟರ್, ಅಲ್ಲಿ ಕ್ರಮಸಂಖ್ಯೆ ಇರೋ ಟೋಕನ್. ಸಂಜೆ ಟೋಕನ್ ಎಣಿಕೆಗೂ ದುಡ್ಡಿಗೂ ತಾಳೆ ಆಗಬೇಕು. ಎಣಿಸೋದು ಅಲ್ಲೇ, ಇಬ್ಬರು ಎಣಿಸಿ ಇಬ್ಬರೂ ಸಹಿ. ಮಾರನೇ ದಿನ ಬ್ಯಾಂಕಿಗೆ. ಎಣ್ಣೆ, ಗ್ಯಾಸ್, ಶಾಮಿಯಾನದ ಬಿಲ್ ಸಮೇತ ಲೆಕ್ಕವನ್ನ ನೋಟಿಸ್ ಬೋರ್ಡಿಗೆ ಅಂಟಿಸಿ. 90,000 ಬಂತು ಅಂತ ಸ್ಟೇಟಸ್ ಹಾಕಿ, ಖರ್ಚು ಕಳೆದು 55,000 ಕೊಟ್ಟರೆ ಜನ ಮಾತಾಡ್ತಾರೆ, ನಡುವಿನ 35,000ಕ್ಕೆ ಬಿಲ್ ಇದ್ದರೂ ಸಹ.

ಪ್ರಶ್ನೆ (ಹಳೆ ವಿದ್ಯಾರ್ಥಿ, ಅಮೆರಿಕ): ನಾನಿಲ್ಲಿಂದ ಕಳಿಸಬಹುದಾ?

ಉತ್ತರ: ಪಾಸ್‌ಪೋರ್ಟ್ ಯಾವುದು? ಭಾರತದ್ದೇ ಆಗಿದ್ದರೆ ನಿಮ್ಮ ಸ್ವಂತ ಉಳಿತಾಯವನ್ನ ಬ್ಯಾಂಕ್ ಮೂಲಕ ಟ್ರಸ್ಟ್‌ಗೆ ಕಳಿಸಬಹುದು, ಅದು ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರತ್ವ ತಗೊಂಡಿದ್ದರೆ, ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪೌರರಿಗೆ ಕೊಡೋದು) ಇದ್ದರೂ ವಿದೇಶಿ ದೇಣಿಗೆಯೇ. ಆಗ ಟ್ರಸ್ಟ್‌ಗೆ ಎಫ್‌ಸಿಆರ್‌ಎ, ಅಂದ್ರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಬೇಕು, ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಅದಿಲ್ಲದ ಟ್ರಸ್ಟ್‌ಗೆ ಕಳಿಸಿದರೆ ಸಿಕ್ಕಿಬೀಳೋರು ಅವರು. ಮೊದಲು ಅವರನ್ನೇ ಒಂದು ಮಾತು ಕೇಳಿ.