ಮನೆಗೆ ಬೆಂಕಿ ಬಿದ್ದು ಎಲ್ಲ ಮಸಿ, ಮೊದಲು ಏನು ಮಾಡಬೇಕು? (ಮುಲುಂಡ್)

ಪ್ರಶ್ನೆ: ಮುಲುಂಡ್ ಕನ್ನಡಿಗ
ಮುಂಬೈಯ ಮುಲುಂಡ್ ಪೂರ್ವ, ನಾಲ್ಕನೇ ಮಹಡಿ. ಫ್ರಿಜ್ಜಿನ ಪ್ಲಗ್ ಶಾರ್ಟ್ ಆಗಿ ಅಡುಗೆಮನೆ ಸುಟ್ಟಿದೆ, ಯಾರಿಗೂ ಪೆಟ್ಟಾಗಿಲ್ಲ. ಹಾಲ್‌ಗೆ (ನಡುಮನೆಗೆ) ಬೆಂಕಿ ತಗುಲಿಲ್ಲ, ಆದರೆ ಗೋಡೆ, ಸೀಲಿಂಗ್, ಬಟ್ಟೆ ಎಲ್ಲ ಕಪ್ಪು. ಬಂಬಿನವರು (ಫೈರ್ ಬ್ರಿಗೇಡ್) ಹೊಡೆದ ನೀರೂ ಆರಿಲ್ಲ. ಸೊಸೈಟಿಯವರು ಬೇಗ ತೊಳೆದು ಪೇಂಟ್ ಹೊಡೆಸಿ ಅಂತಿದ್ದಾರೆ. ಇನ್ಶೂರೆನ್ಸ್ ಇದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಕ್ಲೇಮು ಕಡತ
ತೊಳೆಯಬೇಡಿ. ಇವತ್ತೇ ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿ, ಜೊತೆಗೆ ಇಮೇಲ್ ಹಾಕಿ ಕ್ಲೇಮ್ ನಂಬರ್ ಪಡೆಯಿರಿ. ಪ್ರತಿ ಕೋಣೆಯ ನಾಲ್ಕೂ ಮೂಲೆಯಿಂದ ವಿಡಿಯೊ, ಸುಟ್ಟ ಸಾಮಾನಿನ ಮಾಡೆಲ್ ನಂಬರ್ ಕಾಣುವ ಹಾಗೆ ಫೋಟೊ. ನಷ್ಟ ಅಂದಾಜು ಮಾಡುವ ಸರ್ವೇಯರ್ ನೋಡುವವರೆಗೆ ಸುಟ್ಟ ಫ್ರಿಜ್ ಗುಜರಿಯವನಿಗೆ ಹೋಗಬಾರದು. ನಿಂತ ನೀರು ತೆಗೆಯಲು, ಒಡೆದ ಕಿಟಕಿಗೆ ತಾಡಪತ್ರಿ ಕಟ್ಟಲು ಅಡ್ಡಿಯಿಲ್ಲ, ಬಿಲ್ ಇಟ್ಟುಕೊಳ್ಳಿ. ಫೈರ್ ಬ್ರಿಗೇಡಿನ ವರದಿಗೆ ಅರ್ಜಿ ಕೊಡಿ, ಪೊಲೀಸ್ ಪಂಚನಾಮೆ ಆಗಿದ್ದರೆ ಅದರ ಪ್ರತಿಯೂ ಬೇಕು.

ಪಾಲಿಸಿ ಭಾರತ್ ಗೃಹ ರಕ್ಷಾ (2021ರ ಏಪ್ರಿಲ್ 1ರಿಂದ ಬಂದದ್ದು) ಆಗಿದ್ದು ಕಟ್ಟಡಕ್ಕೆ ವಿಮೆ ಇದ್ದರೆ, ಒಳಗಿನ ಸಾಮಾನಿಗೆ ಆ ಮೊತ್ತದ 20%, ಗರಿಷ್ಠ 10 ಲಕ್ಷದವರೆಗೆ ತಾನಾಗಿಯೇ ರಕ್ಷಣೆ ಇರುತ್ತದೆ. ವಾಸಕ್ಕೆ ಯೋಗ್ಯವಲ್ಲದಷ್ಟು ದಿನ ಬೇರೆ ಮನೆಯ ಬಾಡಿಗೆಯೂ ಸಿಗುತ್ತದೆ. ಇದನ್ನು ಬಹಳ ಜನ ಕೇಳುವುದೇ ಇಲ್ಲ.

ಉತ್ತರ: ಗಿಲಾವು
ಸೊಸೈಟಿಯವರ ಮಾತು ಕೇಳಿದರೆ ಎರಡು ಸಲ ಪೇಂಟ್ ಮಾಡಿಸುತ್ತೀರಿ. ಮಸಿಯಲ್ಲಿ ಎಣ್ಣೆಯಂಶ ಇರುತ್ತದೆ. ಒದ್ದೆ ಬಟ್ಟೆ ತಾಗಿಸಿದರೆ ಗೋಡೆಯ ಗಿಲಾವಿನೊಳಗೆ (ಪ್ಲಾಸ್ಟರ್) ಇಳಿದು ಕೂರುತ್ತದೆ.

ಮೊದಲ ಸುತ್ತು ಪೂರ್ತಿ ಒಣಗೆಲಸ. ಮಸಿ ತೆಗೆಯುವ ರಬ್ಬರ್ ಸ್ಪಂಜು ಆನ್‌ಲೈನ್‌ನಲ್ಲಿ ಸಿಗುತ್ತದೆ. ಸೀಲಿಂಗ್‌ನಿಂದ ಕೆಳಗೆ, ಒಂದೇ ದಿಕ್ಕಿಗೆ ಎಳೆಯಿರಿ, ಉಜ್ಜಬೇಡಿ. ಸ್ಪಂಜಿನ ಮುಖ ಕಪ್ಪಾದರೆ ತೊಳೆಯದೆ ಬ್ಲೇಡಿನಿಂದ ಪದರ ಕೊಯ್ದು ತೆಗೆಯಿರಿ. ಎನ್95 ಮಾಸ್ಕ್, ಗ್ಲೌಸ್, ತುಂಬುತೋಳು ಬೇಕೇ ಬೇಕು. ಫ್ಯಾನ್ ಹಾಕಿದರೆ ಮಸಿ ಮನೆಯೆಲ್ಲ ಹಾರುತ್ತದೆ.

ಆಮೇಲೆ ತೊಳೆಯುವುದು: ಹತ್ತು ಲೀಟರ್ ಬಿಸಿನೀರಿಗೆ ಒಂದು ಹಿಡಿ ವಾಷಿಂಗ್ ಸೋಡಾ, ಎರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್. ಈಗ ಕೆಳಗಿನಿಂದ ಮೇಲಕ್ಕೆ, ಇಲ್ಲದಿದ್ದರೆ ಒಣಗೋಡೆಯ ಮೇಲೆ ಇಳಿದ ಗೆರೆ ಹೋಗುವುದಿಲ್ಲ. ಅಲ್ಯುಮಿನಿಯಂ ಕಿಟಕಿಗೆ ಸೋಡಾ ತಾಗಿಸಬೇಡಿ, ಮಚ್ಚೆ ಬೀಳುತ್ತದೆ. ಡಿಸ್ಟೆಂಪರ್ ಗೋಡೆಯಾದರೆ ತೊಳೆಯುವ ಬದಲು ಕೆರೆಸಿಬಿಡಿ.

ವೈರಿನ ಪಿವಿಸಿ ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ. ಮುಂಬೈಯ ಮಳೆಗಾಲದ ತೇವ ಸೇರಿದರೆ ಅದೇ ಆಸಿಡ್. ನಲ್ಲಿ, ಕೀಲು, ಬೀಗ ಇವನ್ನು ಒರೆಸಿ ತೆಳ್ಳಗೆ ಮಷಿನ್ ಎಣ್ಣೆ ಹಚ್ಚಿ. ಇದಕ್ಕೆ ಮಾತ್ರ ಸರ್ವೇಯರ್‌ಗಾಗಿ ಕಾಯಬೇಡಿ, ಫೋಟೊ ತೆಗೆದು ಮಾಡಿ.

ಪೇಂಟ್‌ಗೆ ಮುಂಚೆ ಗೋಡೆಗೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಾಕಿ ಅಂಟಿಸಿ. ಮರುದಿನ ಒಳಗೆ ಬೆವರಿದ್ದರೆ ಗೋಡೆ ಇನ್ನೂ ಹಸಿ. ಒಣಗಿದ ಮೇಲೆ ಕಲೆ ತಡೆಯುವ ಆಯಿಲ್ ಇಲ್ಲವೇ ಶೆಲ್ಯಾಕ್ (ಅರಗಿನ) ಪ್ರೈಮರ್. ಸಾಮಾನ್ಯ ವಾಟರ್ ಪ್ರೈಮರ್ ಮೇಲೆ ಹಳದಿ ಕಲೆ, ವಾಸನೆ ಎರಡೂ ಮತ್ತೆ ಏಳುತ್ತವೆ.

ಉತ್ತರ: ಮೆಗ್ಗರ್
ಬರೀ ಬಣ್ಣದ ಮಾತಾಯಿತು. ಅಡುಗೆಮನೆಯ ಸೀಲಿಂಗ್ ಕೆರೆದಾಗ ಕಾಂಕ್ರೀಟ್ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಸುಮಾರು 300 ಡಿಗ್ರಿ ದಾಟಿದೆ ಎಂದು ಲೆಕ್ಕ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಟೊಳ್ಳು ಶಬ್ದ ಬಂದರೂ, ಚಕ್ಕೆ ಎದ್ದಿದ್ದರೂ ಪ್ಲಾಸ್ಟರ್ ಹಾಕಿ ಮುಚ್ಚಬೇಡಿ, ಸ್ಟ್ರಕ್ಚರಲ್ ಎಂಜಿನಿಯರ್ ನೋಡಲಿ. ಅದು ಮೇಲಿನವರ ನೆಲವೂ ಹೌದು, ಹಾಗಾಗಿ ಸೊಸೈಟಿಗೆ ಬರೆದು ತಿಳಿಸಿ.

ಸುಟ್ಟ ಕೋಣೆಯ ವೈರಿಂಗ್ ಪೂರ್ತಿ ಹೊಸದು. ಉಳಿದ ಸರ್ಕಿಟ್‌ಗಳಿಗೆ 500 ವೋಲ್ಟ್ ಮೆಗ್ಗರ್ (ವೈರಿನ ಇನ್ಸುಲೇಶನ್ ಅಳೆಯುವ ಉಪಕರಣ) ಹಿಡಿಸಿ, ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೆ ಅದನ್ನೂ ಬದಲಿಸಿ. ಅಲ್ಲಿಯವರೆಗೆ ಮೇನ್ ಆಫ್. ಪೈಪ್ ಗ್ಯಾಸ್ ವಾಲ್ವ್ ನೀವೇ ತೆರೆಯಬೇಡಿ, ಮಹಾನಗರ್ ಗ್ಯಾಸ್‌ನವರು ಪರೀಕ್ಷೆ ಮಾಡಬೇಕು.

ಮುಲುಂಡ್ ಕನ್ನಡಿಗ
ಎಸಿ ಚೆನ್ನಾಗಿದೆ. ಡಬ್ಬದ ದಿನಸಿ, ಔಷಧಿ? ಡಬ್ಬಿಯಲ್ಲಿದ್ದ ನೋಟುಗಳೂ ಕರಕಲಾಗಿವೆ.

ಉತ್ತರ: ಗಿಲಾವು
ಎಸಿ ಚೆನ್ನಾಗಿ *ಕಾಣುತ್ತಿದೆ*. ಕಾಯಿಲ್ ಬಿಚ್ಚಿ ತೊಳೆಸದೆ ಹಾಕಬೇಡಿ. ಕಾವು ತಾಗಿದ ಔಷಧಿ, ಪ್ಲಾಸ್ಟಿಕ್ ಡಬ್ಬದ ದಿನಸಿ, ಉಬ್ಬಿದ ಟಿನ್ ಎಲ್ಲ ಪಟ್ಟಿ ಮಾಡಿ ಎಸೆಯಿರಿ. ಹತ್ತಿ ಹಾಸಿಗೆ ಇನ್ನೂ ಒಳಗಿದ್ದರೆ ಇವತ್ತೇ ಕೆಳಗಿಳಿಸಿ ಬಯಲಲ್ಲಿಡಿ, ಒಳಗೊಳಗೇ ಕೆಂಡ ಇಟ್ಟುಕೊಂಡು ಮತ್ತೆ ಹೊತ್ತಿಕೊಳ್ಳುವುದು ಅದೇ.

ಉತ್ತರ: ಕ್ಲೇಮು ಕಡತ
ನೋಟುಗಳನ್ನು ಬಿಡಿಸಲು, ಎಣಿಸಲು ಹೋಗಬೇಡಿ, ಪುಡಿಯಾಗುತ್ತವೆ. ಡಬ್ಬಿ ಸಮೇತ ಒಯ್ಯಿರಿ. ತೀರಾ ಸುಟ್ಟ, ಅಂಟಿಕೊಂಡ ನೋಟನ್ನು ಸಾಮಾನ್ಯ ಬ್ಯಾಂಕ್ ಶಾಖೆ ತೆಗೆದುಕೊಳ್ಳುವುದಿಲ್ಲ, ರಿಸರ್ವ್ ಬ್ಯಾಂಕಿನ ಇಶ್ಯೂ ಆಫೀಸಿಗೇ (ನೋಟಿನ ವ್ಯವಹಾರ ನೋಡುವ ಕಚೇರಿ) ಕೊಡಬೇಕು. ಉಳಿದ ಭಾಗ ನೋಡಿ ಪೂರ್ತಿ, ಅರ್ಧ ಅಥವಾ ಸೊನ್ನೆ ಎಂದು ನಿರ್ಧರಿಸುತ್ತಾರೆ. ಫೈರ್ ಬ್ರಿಗೇಡ್ ವರದಿಯ ಒಂದು ಜೆರಾಕ್ಸ್ ಜೊತೆಗಿರಲಿ.