‘ಪೇರ್’ ಮತ್ತು ‘ಕನೆಕ್ಟ್’: ಎರಡಕ್ಕೂ ‘ಜೋಡಿಸು’ ಎಂದರೆ ಆದೀತೇ?

ಗೆಳೆಯರೇ,

ಕಂಪ್ಯೂಟರಿನ ಬ್ಲೂಟೂತ್ ಸೆಟ್ಟಿಂಗ್ ನೋಡಿಕೊಳ್ಳುವ ಒಂದು ತಂತ್ರಾಂಶದ ಸಂದೇಶಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಈಗಿರುವ ಅನುವಾದದಲ್ಲಿ ‘ಪೇರ್’, ‘ಕನೆಕ್ಟ್’ ಎರಡಕ್ಕೂ ‘ಜೋಡಿಸು’ ಎಂದೇ ಇದೆ. ಹೀಗಾಗಿ ಹೆಡ್‌ಫೋನಿನ ಹೆಸರಿನ ಪಕ್ಕದಲ್ಲಿ ‘ಜೋಡಿಸಲಾಗಿದೆ’ ಎಂದಿರುತ್ತದೆ, ಅದರ ಕೆಳಗೇ ‘ಜೋಡಿಸಿ’ ಎಂಬ ಗುಂಡಿ!

ಎರಡೂ ಬೇರೆ ಕೆಲಸಗಳು. ಪೇರ್ ಮಾಡುವುದು ಸಾಮಾನ್ಯವಾಗಿ ಒಮ್ಮೆ ಮಾತ್ರ. ಆಗ ಕಂಪ್ಯೂಟರೂ ಹೆಡ್‌ಫೋನೂ ಒಂದು ಗುಪ್ತ ಕೀಲಿಯನ್ನು ಗೊತ್ತುಮಾಡಿಕೊಂಡು ತಂತಮ್ಮಲ್ಲಿ ಉಳಿಸಿಕೊಳ್ಳುತ್ತವೆ. ಕನೆಕ್ಟ್ ಆಗುವುದು ಬಳಸಿದಾಗಲೆಲ್ಲ, ಉಳಿಸಿಟ್ಟ ಅದೇ ಕೀಲಿಯ ಬಲದಿಂದ. ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್, ಲಿನಕ್ಸ್ ಎಂಬ ಎರಡು ಕಾರ್ಯಾಚರಣ ವ್ಯವಸ್ಥೆಗಳನ್ನೂ ಇಟ್ಟುಕೊಂಡವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಎರಡರಲ್ಲೂ ಬ್ಲೂಟೂತ್ ಅಡಾಪ್ಟರಿನ (ಕಂಪ್ಯೂಟರಿನ ಬ್ಲೂಟೂತ್ ಭಾಗದ) ವಿಳಾಸ ಒಂದೇ, ಹೆಡ್‌ಫೋನಿನ ಕಣ್ಣಿಗೆ ಎರಡೂ ಒಂದೇ ಸಾಧನ. ಆದ್ದರಿಂದ ಲಿನಕ್ಸ್‌ನಲ್ಲಿ ಹೊಸದಾಗಿ ಪೇರ್ ಮಾಡಿದರೆ ಹೆಡ್‌ಫೋನ್ ವಿಂಡೋಸ್ ಜೊತೆಗಿನ ಹಳೆಯ ಕೀಲಿಯ ಜಾಗದಲ್ಲಿ ಹೊಸದನ್ನು ಇಟ್ಟುಕೊಳ್ಳುತ್ತದೆ. ವಿಂಡೋಸ್‌ಗೆ ಮರಳಿದರೆ ಪಟ್ಟಿಯಲ್ಲಿ ಹೆಸರೇನೋ ಇರುತ್ತದೆ, ಕನೆಕ್ಟ್ ಮಾತ್ರ ಆಗುವುದಿಲ್ಲ. ಇದನ್ನು ‘ಜೋಡಿಸಲಾಗಿದೆ, ಆದರೆ ಜೋಡಿಸಲಾಗುತ್ತಿಲ್ಲ’ ಎಂದು ಬರೆಯೋಣವೇ?

ಕನೆಕ್ಟ್‌ಗೆ ‘ಸಂಪರ್ಕಿಸು’ ಇದೆಯಲ್ಲ ಎನ್ನುವವರಿದ್ದೀರಿ. ಆದರೆ ‘ಸಂಪರ್ಕಿಸಿ’ ಎಂದೊಡನೆ ಹೊಳೆಯುವುದು ಯಾರಿಗೋ ಫೋನ್ ಮಾಡುವುದು. ಇದೇ ತಂತ್ರಾಂಶದಲ್ಲಿ ‘ನೆರವಿಗಾಗಿ ಸಂಪರ್ಕಿಸಿ’ ಎಂಬ ಸಾಲೂ ಇದೆ. ‘ಸಂಪರ್ಕ ಕಲ್ಪಿಸು’ ಸರಿಯಾದೀತು, ಗುಂಡಿಯೊಳಗೆ ಹಿಡಿಸುವುದಿಲ್ಲ. ಹಾಗಾಗಿ ಕನೆಕ್ಟ್‌ಗೆ ‘ಜೋಡಿಸು’ ಇರಲಿ, ಡಿಸ್ಕನೆಕ್ಟ್‌ಗೆ ‘ಬಿಡಿಸು’ ತಾನಾಗಿ ಒದಗುತ್ತದೆ.

ಪೇರ್‌ಗೆ ‘ಜೋಡಿ ಮಾಡು’ ಎಂದರೆ ಎರಡೇ ಎಂಬ ಅರ್ಥ ಅಂಟಿಕೊಳ್ಳುತ್ತದೆ. ಒಂದು ಹೆಡ್‌ಫೋನ್ ಹಲವು ಸಾಧನಗಳ ಕೀಲಿಗಳನ್ನು ಇಟ್ಟುಕೊಂಡಿರಬಲ್ಲದು. ನನ್ನ ಒಲವು ‘ಪರಿಚಯಿಸು’ ಕಡೆಗೆ. ಪರಿಚಯ ಒಮ್ಮೆ ಆದರೆ ಸಾಕು, ಎರಡೂ ಕಡೆ ಉಳಿಯುತ್ತದೆ, ಎಷ್ಟು ಜನರೊಂದಿಗೂ ಆಗಬಹುದು. ಪಟ್ಟಿಯಿಂದ ತೆಗೆಯುವುದಕ್ಕೆ ‘ಪರಿಚಯ ಅಳಿಸು’.

ಇನ್ನೆರಡು ಪದಗಳು ಕಾಡುತ್ತಿವೆ. ನಿಸ್ತಂತು ಕೀಲಿಮಣೆಯನ್ನು ಪೇರ್ ಮಾಡುವಾಗ ಸಾಮಾನ್ಯವಾಗಿ ತೆರೆಯ ಮೇಲೆ ಆರಂಕಿಯ ಸಂಖ್ಯೆ ಬರುತ್ತದೆ. ಅದನ್ನು ಆ ಕೀಲಿಮಣೆಯಲ್ಲೇ ಟೈಪ್ ಮಾಡಿ ಎಂಟರ್ ಒತ್ತಬೇಕು. ಹಳೆಯ ಅನುವಾದ, ಈ ಸಂಖ್ಯೆಯ ಹೆಸರಾದ ‘ಪಾಸ್‌ಕೀ’ಗೆ ‘ಕೀಲಿ’ ಎಂದು ಹಾಕಿರುವುದರಿಂದ ಸಂದೇಶ ‘ಕೀಲಿಮಣೆಯಲ್ಲಿ ಕೀಲಿ ಒತ್ತಿ’ ಎಂದಾಗಿದೆ. ಓದಿದವರು ಯಾವುದೋ ಒಂದು ಗುಂಡಿ ಒತ್ತಿ ಕಾಯುತ್ತಾ ಕೂರುತ್ತಾರೆ. ಇಲ್ಲಿ ‘ಸಂಖ್ಯೆ’ ಎಂದರೆ ಸಾಕು.

‘ಟ್ರಸ್ಟ್’ ಇನ್ನೂ ಕಷ್ಟ. ಲಿನಕ್ಸ್‌ನ ಬ್ಲೂಟೂತ್ ತಂತ್ರಾಂಶದಲ್ಲಿ ಇದರ ಅರ್ಥ, ಮುಂದೆ ಆ ಸಾಧನ ತಾನಾಗಿ ಬಂದು ಸೇರುವಾಗ ಪ್ರತಿ ಸಲ ಒಪ್ಪಿಗೆ ಕೇಳಬೇಕಿಲ್ಲ ಎಂದಷ್ಟೆ. ‘ವಿಶ್ವಾಸಾರ್ಹ ಸಾಧನ’ ಎಂದು ಬರೆದರೆ ಅದರ ಗುಣಮಟ್ಟಕ್ಕೆ ನಾವೇ ಪ್ರಮಾಣಪತ್ರ ಕೊಟ್ಟಂತಿರುತ್ತದೆ. ಸದ್ಯಕ್ಕೆ ‘ಕೇಳದೆ ಸೇರಲು ಬಿಡು’ ಎಂದು ಇಟ್ಟಿದ್ದೇನೆ. ‘ಡಿಸ್ಕವರಬಲ್’ಗೆ ‘ಇತರರಿಗೆ ಕಾಣಿಸು’, ಅದರ ಬಗ್ಗೆ ತಕರಾರು ಬರಲಿಕ್ಕಿಲ್ಲ.

ಗುಂಡಿಯ ಮೇಲೆ ಬರೀ ‘ಪರಿಚಯಿಸು’ ಎಂದಿದ್ದರೆ, ಹಿನ್ನೆಲೆ ಗೊತ್ತಿಲ್ಲದವರಿಗೆ ಏನು ಮಾಡಬೇಕೆಂದು ತೋಚುತ್ತದೆಯೇ? ಅಥವಾ ಮಾತಿನಲ್ಲಿರುವ ‘ಪೇರ್ ಮಾಡು’ ಎಂಬುದನ್ನೇ ಉಳಿಸಿಕೊಳ್ಳುವುದು ವಾಸಿಯೇ? ನಿಮ್ಮ ಕಡೆ ಬೇರೆ ಪದ ಬಳಕೆಯಲ್ಲಿದ್ದರೆ, ವಾಕ್ಯದಲ್ಲಿ ಹೇಗೆ ಹೇಳುತ್ತಾರೆ ಎಂಬುದನ್ನೂ ಸೇರಿಸಿ ಬರೆಯಿರಿ.