ಎಡಕ್ಕೆ ಎಳೆಯುವ ಪದ್ಮಿನಿ

ಶುಕ್ರವಾರ ಮುಂಜಾನೆ ಆರಕ್ಕೇ ಗದಗಿನ ಕಾಕಾ ನಮ್ಮ ‘ಮನಿಮಂದಿ’ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು. ಅದು ನನಗೇ ಅಂತ ಎಲ್ಲರಿಗೂ ಗೊತ್ತು. ಅಪ್ಪನ 1978ರ ಪ್ರೀಮಿಯರ್ ಪದ್ಮಿನಿ ಕಾರು ಈಗ ಧಾರವಾಡದಲ್ಲಿ ನನ್ನ ಹತ್ತಿರ ಇದೆ. ಮುಂದಕ್ಕೆ ಹಾಕಿಸಿದ ಎರಡು ಹೊಸ ಟೈರುಗಳ ಒಳಅಂಚು ಐದೇ ತಿಂಗಳಲ್ಲಿ ಬೋಳಾಗಿದ್ದನ್ನು ಹೋದ ವಾರ ಫೋಟೋ ಸಮೇತ ಹೇಳಿಕೊಂಡಿದ್ದೆ. ಅಂಗಡಿಯಲ್ಲಿ ಕಂಪ್ಯೂಟರ್ ಅಲೈನ್‌ಮೆಂಟ್ ಮಾಡಿಸಿ ಗಾಲಿ ನೆಟ್ಟಗೆ ಕೂಡಿಸಿದ ಮೇಲೂ ಹಾಗಾದದ್ದು ನನ್ನ ಹೊಟ್ಟೆ ಉರಿಸಿತ್ತು. ಮೇಲಾಗಿ ಗಾಡಿ ಎಡಕ್ಕೆ ಎಳೆಯುತ್ತಿತ್ತು.

ಫಾರ್ವರ್ಡ್ ಹೀಗಿತ್ತು:

“ಕಂಪ್ಯೂಟರ್ ಅಲೈನ್‌ಮೆಂಟ್ ದೊಡ್ಡ ಮೋಸ!! ಎರಡು ದಾರ, ಒಂದು ಟೇಪು ಇದ್ದರೆ ಸಾಕು. ಹಿಂದಿನ ಟೈರಿಗೆ ದಾರ ತಾಗಿಸಿ ಮುಂದಕ್ಕೆ ಎಳೆಯಿರಿ. ಮುಂದಿನ ಟೈರಿಗೂ ತಾಗಿದರೆ ಗಾಲಿ ನೆಟ್ಟಗಿದೆ ಎಂದರ್ಥ. ಮನೆಯಲ್ಲೇ ಹತ್ತು ನಿಮಿಷ. ಹಳೇ ಗಾಡಿ ಇರುವವರಿಗೆಲ್ಲ ಕಳಿಸಿ... ಇನ್ನಷ್ಟು ಓದಿ”

ದೊಡ್ಡಪ್ಪ (ಹುಬ್ಬಳ್ಳಿ): ಖರೇ ಮಾತು. ಕೈಲೆ ಕೆಲಸ ಮಾಡೂದು ಬಿಟ್ಟಾಗಿಂದ ಮನಿತನ ಹಾಳಾದ್ವು. ರೈಲ್ವೆ ವರ್ಕ್‌ಶಾಪಿನಾಗ ನಾವು ಗಾಲಿ ಅಳತಿ ಕೈಲೆ ಗೇಜ್ ಹಿಡದು ನೋಡತಿದ್ವಿ. ಕಾಯಕ ಅಂದ್ರ ಅದು.

ತಂಗಿ (ಪುಣೆ): ಕಾಕಾ, ಇದು ಯಾರು ಬರದದ್ದು? ಯಾವ ಗಾಡಿಗೆ? ಭಾಳ ಗಾಡಿಗೆ ಮುಂದಿನ ಎರಡು ಗಾಲಿ ನಡುವಿನ ಅಂತರ ಒಂದು, ಹಿಂದಿನದು ಇನ್ನೊಂದು ಇರ್ತದ. ಟೈರಿಗೆ ಟೈರು ದಾರ ಹಚ್ಚಿದ್ರ ಅಳತಿ ತಪ್ಪೇ ಬರೂದು.

ಗದಗಿನ ಕಾಕಾ: ನಾ ಬರದಿಲ್ಲವಾ. ಬಂದದ್ದು ಕಳಿಸೇನಿ.

ತಂಗಿ: 14 ಇಂಚಿನ ರಿಮ್ಮಿನ ಮ್ಯಾಲೆ 1 ಮಿಲಿಮೀಟರ್ ಫರಕ ಅಂದ್ರ 0.16 ಡಿಗ್ರಿ. ಟೇಪ್ ಹಿಡಿಯೂ ಕೈ ಅಲ್ಲಾಡಿದ್ರ ಅಷ್ಟು ಹೋಗೇ ಬಿಡ್ತದ.

ದೊಡ್ಡಪ್ಪ: ಹಿರ್ಯಾರು ಹೇಳಿದ್ದಕ್ಕ ಪುರಾವೆ ಕೇಳಬಾರದು ತಂಗಿ.

ತಂಗಿ: ದೊಡ್ಡಪ್ಪಾ, ಹಿರ್ಯಾರನ್ನ ಕೇಳಲಿಲ್ಲ, ಫಾರ್ವರ್ಡನ್ನ ಕೇಳೇನಿ.

ಅಷ್ಟರಲ್ಲಿ ಹಾವೇರಿ ಮಾವ ಎದ್ದರು.

ಹಾವೇರಿ ಮಾವ: ಪದ್ಮಿನಿ ಅಂದ ಕೂಡ್ಲೆ ಬನದ ಹುಣ್ಣಿವಿ ನೆನಪಾತು. ಒಂಬತ್ತು ಮಂದಿ ಕೂತು ಸವದತ್ತಿ ಎಲ್ಲಮ್ಮನ ಗುಡ್ಡಕ್ಕ ಹೋಗಿದ್ವಿ. ಏರಿನ್ಯಾಗ ರೇಡಿಯೇಟರ್ ಕುದ್ದು ಉಗಿ ಎದ್ದಿತ್ತು. ಗಾಡಿ ಆರೂತನಕ ರಸ್ತೆದ ಬಾಜೂಕ ಕೂತು ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ತಿಂದ್ವಿ. ಭಾವ ಸ್ಟೀರಿಂಗ್ ಕೆಳಗಿನ ಗೇರ್ ಹಾಕೂದು ನೋಡಾಕ ಚೆಂದ.

ವೈನಿ: ಚಟ್ನಿ ಯಾರು ಮಾಡಿದ್ರು ಅದೂ ಹೇಳ್ರಿ ಮಾವಾ.

ಅಣ್ಣಿಗೇರಿ ಅತ್ತಿ: ಆವಾಗ ಗಾಡಿ ನೆಟ್ಟಗ ಇತ್ತು. ನನ್ನ ಮದುವಿಯಾಗ ಮೋರಿ ಕಟ್ಟಿಗೆ ಹೊಡದ ಮ್ಯಾಲೆ ಎಡಕ್ಕ ಎಳಿಯಾಕ ಹತ್ತೇತಿ. ಯಾರು ಹೊಡದ್ರು ಅಂತ ಎಲ್ಲಾರಿಗೂ ಗೊತ್ತೈತಿ, ನಾ ಹೆಸರು ಹೇಳೂದಿಲ್ಲ.

ಹೆಸರು ಹೇಳುವ ಅಗತ್ಯವೇ ಇರಲಿಲ್ಲ. 1997ರಲ್ಲಿ ಬೀಗರನ್ನು ಕರೆತರಲು ಹೋದದ್ದು ನರಗುಂದದ ಸಣ್ಣ ಕಾಕಾ. ಎದುರಿಗೆ ಎಮ್ಮೆ ಬಂತು, ತಪ್ಪಿಸಲು ಹೋಗಿ ಮೋರಿ ಕಟ್ಟೆಗೆ ಎಡಗಾಲಿ ಬಡಿಯಿತು. ಆ ಮೇಲಿಂದ ಪದ್ಮಿನಿಗೆ ಏನೇ ಆದರೂ ನಮ್ಮ ಮನೆಯಲ್ಲಿ ಬೆರಳು ತಿರುಗುವುದು ಅವರ ಕಡೆಗೇ. ಹನ್ನೊಂದು ಗಂಟೆಗೆ ಅವರು ಬರೆದರು:

ಸಣ್ಣ ಕಾಕಾ: ಅವತ್ತಿಂದ ಆ ಗಾಡಿ ಸ್ಟೀರಿಂಗ್ ಮುಟ್ಟಿಲ್ಲ ನಾ. ಇನ್ನೂ ಎಷ್ಟು ವರ್ಷ ಹೇಳಾವ್ರು ಇದನ್ನ?

ಗುಂಪು ಅರ್ಧ ತಾಸು ಸುಮ್ಮನಾಯಿತು. ಆಮೇಲೆ ದೊಡ್ಡಪ್ಪ ಕ್ಷಮೆಯ ಮಹತ್ವದ ಮೇಲೆ ಉದ್ದ ಸಂದೇಶ ಹಾಕಿದರು. ಅದರಲ್ಲೂ ಎಮ್ಮೆ ಬಂತು. ಅಣ್ಣಿಗೇರಿ ಅತ್ತಿ ಸಿಟ್ಟಾದರು.

ನಾನು ಆ ಹೊತ್ತಿನಲ್ಲಿ ‘ಇನ್ನಷ್ಟು ಓದಿ’ ಒತ್ತಿದೆ. ಕಳಿಸಿದ ಕಾಕಾನೂ ಅದನ್ನು ಒತ್ತಿರಲಿಲ್ಲ. ಕೆಳಗೆ ನಾಲ್ಕು ಸಾಲು ಇದ್ದವು: ನೆಲ ಮಟ್ಟ ಇರಬೇಕು, ನಾಲ್ಕೂ ಟೈರಿಗೆ ಸರಿಯಾಗಿ ಗಾಳಿ ಇರಬೇಕು, ಕೀಲುಗಳಲ್ಲಿ ಆಟ (ಸಡಿಲು) ಇದ್ದರೆ ಅಲೈನ್‌ಮೆಂಟ್ ಮಾಡಬೇಡಿ, ಗಾಡಿ ಒಂದು ಕಡೆ ಎಳೆದರೆ ಮೊದಲು ಬ್ರೇಕ್ ನೋಡಿ. ಮೇಲಿನ ಮಾತೆಲ್ಲ ಅಬ್ಬರ. ಕೆಲಸಕ್ಕೆ ಬರುವುದು ಈ ನಾಲ್ಕೇ ಸಾಲು. ಗುಂಪಿಗೆ ಅದನ್ನು ನಕಲು ಮಾಡಿ ಹಾಕಿದೆ. ತಂಗಿ ಒಬ್ಬಳೇ ಉತ್ತರಿಸಿದಳು.

ತಂಗಿ: ಅಣ್ಣಾ, ಇದು ಬರೋಬ್ಬರಿ ಐತಿ. ಟೋ, ಅಂದ್ರ ಗಾಲಿ ಮೂಗು ಒಳಗ ಹೊರಗ ತಿರುಗಿದ ಅಳತಿ, ತಪ್ಪಿದ್ರ ಟೈರು ತಿಂತದ, ಸ್ಟೀರಿಂಗ್ ಸೊಟ್ಟ ನಿಂದರ್ತದ. ಗಾಡಿ ಎಡಕ್ಕ ಎಳಿಯೂದಕ್ಕ ಸಾಮಾನ್ಯವಾಗಿ ಬ್ಯಾರೇನ ಕಾರಣ ಇರ್ತದ. ಎರಡೂ ಒಂದ ರೋಗ ಅಂತ ತಿಳೀಬ್ಯಾಡ.

ಭಾನುವಾರ ಬಿಸಿಲು ಏರುವ ಮೊದಲೇ ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಮುಂಭಾಗ ಜಾಕಿನಿಂದ ಎತ್ತಿ, ಎರಡೂ ಕಡೆ ಕಬ್ಬಿಣದ ಸ್ಟ್ಯಾಂಡ್ ಕೊಟ್ಟೆ. ಇಟ್ಟಂಗಿ ಮೇಲೆ ಗಾಡಿ ನಿಲ್ಲಿಸಿ ಕೆಳಗೆ ಮಲಗುವವರನ್ನು ಕಂಡರೆ ನನಗೆ ಎದೆ ನಡುಗುತ್ತದೆ. ಎಡಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದೆ, ಗಟ್ಟಿ ಇತ್ತು. ಎರಡೂ ಪಕ್ಕ ಹಿಡಿದು ಅಲುಗಿಸಿದರೆ ಟಕ್ ಟಕ್ ಅಂತು. ಹೆಂಡತಿಗೆ ಅದನ್ನೇ ಅಲುಗಿಸಲು ಹೇಳಿ ಸ್ಟೀರಿಂಗ್ ಜೊತೆ ಗಾಲಿ ತಿರುಗಿಸುವ ಟೈ ರಾಡಿನ ತುದಿಗೆ ಬೆರಳು ಇಟ್ಟೆ. ಸವೆದ ಕೀಲು ಬೆರಳಿನಡಿ ಕುಣಿಯುತ್ತಿತ್ತು. ಅಂಗಡಿಯ ಯಂತ್ರ ಸುಳ್ಳು ಹೇಳಿರಲಿಲ್ಲ. ಆದರೆ ಇಂಥ ಕೀಲು ಇದ್ದಾಗ ನಿಂತ ಗಾಡಿಯ ಅಳತೆ ಬೇರೆ, ಓಡುವ ಗಾಡಿಯ ಅಳತೆ ಬೇರೆ. ಯಂತ್ರ ಹಚ್ಚುವ ಮೊದಲು ಯಾರೂ ಗಾಲಿ ಹಿಡಿದು ಅಲುಗಿಸಲಿಲ್ಲವಲ್ಲ, ನನಗೆ ಬೇಸರ ಅದಕ್ಕೆ.

ಆಮೇಲೆ ಗಾಲಿ ತಿರುಗಿಸಿದೆ. ಬಲಗಾಲಿ ನಾಲ್ಕು ಸುತ್ತು ಹಗುರಾಗಿ ಹೋಯಿತು. ಎಡಗಾಲಿ ಅರ್ಧ ಸುತ್ತಿಗೇ ನಿಂತಿತು. ಬ್ರೇಕ್ ಡ್ರಮ್ ಬಿಚ್ಚಿದರೆ, ಬ್ರೇಕ್ ಒತ್ತುವ ವೀಲ್ ಸಿಲಿಂಡರಿನ ಪಿಸ್ಟನ್ ತುಕ್ಕು ಹಿಡಿದು ಕಚ್ಚಿಕೊಂಡಿದೆ, ಕಾಲು ತೆಗೆದರೂ ಬ್ರೇಕ್ ಬಿಡುತ್ತಿಲ್ಲ. ಎಡಕ್ಕೆ ಎಳೆತ ಇದರಿಂದಲೇ. ಆ ಸಿಲಿಂಡರನ್ನು ಅಪ್ಪ 2012ರಲ್ಲಿ ಹೊಸದು ಹಾಕಿಸಿದ್ದರು, ಚೀಟಿ ಇನ್ನೂ ಡ್ಯಾಶ್‌ಬೋರ್ಡಿನ ಖಾನೆಯಲ್ಲಿದೆ. 1997ರ ಮೋರಿ ಕಟ್ಟೆಗೂ ಇದಕ್ಕೂ ಏನೂ ಸಂಬಂಧ ಇಲ್ಲ.

ಸಾಮಾನಿಗಾಗಿ ಹುಬ್ಬಳ್ಳಿಯ ಐದಾರು ಅಂಗಡಿ ತಿರುಗಿದೆ. ಹಳೆ ಟೈ ರಾಡ್ ತುದಿ ಎಷ್ಟು ಸುತ್ತು ಒಳಗಿತ್ತೋ ಎಣಿಸಿ, ಹೊಸದನ್ನೂ ಅಷ್ಟೇ ತಿರುಗಿಸಿದೆ. ದಾರದ ಕೆಲಸ ಮುಂದಿನ ಭಾನುವಾರಕ್ಕೆ ಹೋಯಿತು. ನಮ್ಮ ಅಂಗಳಕ್ಕೆ ಹಾಸುಗಲ್ಲು ಇದೆ, ಅಡಿಗೆ ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಗೌಂಡಿಗಳ ಹಾಗೆ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಹಿಡಿದರೆ ಒಂದು ಮೂಲೆ 18 ಮಿಲಿಮೀಟರ್ ತಗ್ಗು. ಆ ಗಾಲಿಗೆ ಪ್ಲೈವುಡ್ ತುಂಡು ಕೊಟ್ಟೆ. ಮುಂದಿನ ಗಾಲಿಗಳ ಕೆಳಗೆ ಎರಡೆರಡು ಟೈಲ್ಸ್, ನಡುವೆ ಗ್ರೀಸು, ಗಾಲಿ ಹಗುರಾಗಿ ಸರಿಯಲಿ ಅಂತ. ಎರಡೂ ಬದಿ ಸ್ಟೂಲುಗಳಿಗೆ ಮೀನಿನ ಗಾಳದ ದಾರ ಕಟ್ಟಿದೆ. ದಾರವನ್ನು ಟೈರಿಗೆ ತಾಗಿಸಲಿಲ್ಲ. ಮುಂದೆಯೂ ಹಿಂದೆಯೂ ಎಡ ಬಲದ ಹಬ್ಬುಗಳಿಂದ (ಗಾಲಿಯ ನಡುಗುಂಭ) ಸಮ ದೂರ ಬರುವಂತೆ ಹಿಡಿದು, ಎರಡು ದಾರದ ನಡುವಿನ ಅಂತರ ಎರಡೂ ತುದಿಗೆ ಒಂದೇ ಇದೆಯೇ ಅಂತ ನೋಡಿದೆ. ಇಷ್ಟಕ್ಕೇ ಒಂದೂವರೆ ತಾಸು ಹಿಡಿಯಿತು.

ಸ್ಟೀಲ್ ಪಟ್ಟಿ ಹಿಡಿದು ಅಳೆದರೆ ಎಡ ರಿಮ್ಮಿನ ಮುಂದಿನ ಅಂಚು ಹಿಂದಿನ ಅಂಚಿಗಿಂತ 4 ಮಿಲಿಮೀಟರ್ ದಾರಕ್ಕೆ ಹತ್ತಿರ, ಬಲದ್ದು 1. ಅಂದರೆ ಎರಡೂ ಗಾಲಿ ಮೂಗು ಹೊರಗೆ ಮಾಡಿ ನಿಂತಿವೆ. ಟೈರಿನ ಒಳಅಂಚು ಸವೆಯದೆ ಇನ್ನೇನು? ಟೈ ರಾಡಿನ ಕ್ಲಾಂಪ್ ಸಡಿಲಿಸಿ ಕಾಲು ಸುತ್ತು ತಿರುಗಿಸುವುದು, ಗಾಡಿಯನ್ನು ಹತ್ತು ಅಡಿ ಹಿಂದೆ ಮುಂದೆ ತಳ್ಳುವುದು, ಮತ್ತೆ ಅಳೆಯುವುದು. ಏಳನೇ ಸಲ ಗಾಡಿಯ ಪುಸ್ತಕದಲ್ಲಿದ್ದ ಅಳತೆಗೆ ಬಂತು.

ಸಂಜೆ ಕೆಲಗೇರಿ ಕೆರೆಯತನಕ ಹೋಗಿ ಬಂದು ಗುಂಪಿಗೆ ಫೋಟೋ ಹಾಕಿ ಬರೆದೆ: “ಎಡಕ್ಕ ಎಳಿಯೂದು ನಿಂತೇತಿ. ಬ್ರೇಕ್ ಸಿಲಿಂಡರ್ ಕಚ್ಚಿತ್ತು, ಅದು 2012ರಾಗ ಹಾಕಿದ್ದು. ಸಣ್ಣ ಕಾಕಾಂದು ಇದರಾಗ ಏನೂ ತಪ್ಪಿಲ್ಲ. ಎಲ್ಲಾರೂ ಓದ್ರಿ.”

ಗದಗಿನ ಕಾಕಾ: ನೋಡ್ರಿ, ನಾ ಕಳಿಸಿದ್ದು ಖರೇ ಆತು.

ತಂಗಿ: ಎಷ್ಟು ಮಿಲಿಮೀಟರ್‌ಗೆ ನಿಲ್ಲಿಸಿದಿ ಅಣ್ಣಾ?

ಹಾವೇರಿ ಮಾವ: ಆ ಪಾರಿಜಾತದ ಗಿಡ ಇನ್ನೂ ಐತೇನು!

ಅಣ್ಣಿಗೇರಿ ಅತ್ತಿ: ಎಡಗಡೆ ದಾರ ಕಟ್ಟಿದ ಸ್ಟೂಲು ನಮ್ಮದು. ಗೃಹಪ್ರವೇಶಕ್ಕ ಒಯ್ದದ್ದು ವಾಪಸ್ ಕೊಟ್ಟಿಲ್ಲ.

ಸಣ್ಣ ಕಾಕಾ ಗುಂಪಿನಲ್ಲಿ ಏನೂ ಬರೆಯಲಿಲ್ಲ. ರಾತ್ರಿ ಒಂಬತ್ತಕ್ಕೆ ನನಗೆ ಫೋನ್ ಮಾಡಿದರು. “ಹಿಂದಿನ ಆಕ್ಸಲ್ ನೋಡಿಯೇನು? ಅವತ್ತು ಹಿಂದಿನ ಗಾಲಿನೂ ಕಟ್ಟಿಗೆ ಬಡದಿತ್ತು. ಯಾರಿಗೂ ಹೇಳಿದ್ದಿಲ್ಲ. ಆಕ್ಸಲ್ ಹಿಡದಿರೂ ಪಾಟಿನ (ಪಟ್ಟಿ ಸ್ಪ್ರಿಂಗಿನ) ಯು-ಬೋಲ್ಟ್ ಸಡ್ಲ ಆಗಿ ಆಕ್ಸಲ್ ಸರದಿದ್ರ ದಾರಕ್ಕ ಗೊತ್ತಾಗ್ತದ.”

ಅತ್ತಿಗೆ ಬರೆದೆ: “ಸ್ಟೂಲು ಮುಂದಿನ ಸೋಮವಾರ ತಂದು ಕೊಡ್ತೀನಿ ಅತ್ತಿ. ಭಾನುವಾರ ಹಿಂದಿನ ಗಾಲಿ ಅಳೀಬೇಕು. ಸಣ್ಣ ಕಾಕಾ ಬರಾಕ ಹತ್ಯಾರ.”